ಧವಲಾಟೀಕೆಯ ಪರಿಧಿಸೂತ್ರ ಮತ್ತು ಸಂಖ್ಯಾಸಾಮ್ಯದ ಪ್ರಾಮಾಣ್ಯ

ಕಾರ್ಕಳದ ದಕ್ಷಿಣಕ್ಕೆ ಕೆಲವೇ ಹರಿದಾರಿ ದೂರದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾಟೀಕೆಯು ಸಿದ್ಧಾಂತಕ್ಕೆ ಹೇಗೋ ಹಾಗೆ ಗಣಿತದ ಇತಿಹಾಸಕ್ಕೂ ಆಕರವಾಗಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಈ ಟೀಕೆ ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಬಹುಮಾನ್ಯ ಮತ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಇದು ಮುದ್ರಣಗೊಂಡ ಮೇಲೆ, ಇದರಲ್ಲಿನ ಒಂದು ಪರಿಧಿಸೂತ್ರ ಗಣಿತಜ್ಞರ ಗಮನ ಸೆಳೆಯಿತು. ಅಲ್ಲಿ ತೋರುವ ಸಂಖ್ಯಾಸಾಮ್ಯ ಜ್ಞಾನದ ಕುರುಹೋ, ಕಾಕತಾಳೀಯವೋ ಎಂಬುದು ವಿಚಾರಣೀಯ.

ಜೈನ ಗ್ರಂಥಗಳಲ್ಲಿ ರೂಢವಾದ ಕ್ರಮದಂತೆ ವ್ಯಾಸದ ವರ್ಗವನ್ನು 10ರಿಂದ ಗುಣಿಸಿ, ವರ್ಗಮೂಲವನ್ನು ತೆಗೆದರೆ ಪರಿಧಿ ದೊರೆಯುತ್ತದೆ. ಲಕ್ಷ ಯೋಜನ ವ್ಯಾಸದ ಜಂಬೂದ್ವೀಪಕ್ಕೆ 3,16,227 ಯೋಜನ ಮತ್ತು ಕಿಂಚಿದಧಿಕ ಪರಿಧಿ ಹೇಳಿರುವುದು ಈ ಕ್ರಮದಿಂದಲೇ. ಇಂದಿನ ಲೆಕ್ಕದಲ್ಲಿ ಅದು 3,14,159 ಯೋಜನಗಳಿಗೆ ತುಸು ಮಿಗಿಲು. ವೃತ್ತದ ನಿಷ್ಪತ್ತಿಯ ವರ್ಗವು 10ಕ್ಕೆ ಸಮೀಪವಾಗಿರುವುದು ಒಂದು ಆಕಸ್ಮಿಕ. ಅದರಲ್ಲಿ ಗೂಢಾರ್ಥವನ್ನು ಹುಡುಕಬೇಕಾಗಿಲ್ಲ. ಗಣನೆಗೆ ಅನುಕೂಲವಾದುದರಿಂದ ಅದು ನೆಲೆನಿಂತಿರಬೇಕು.

ವೀರಸೇನರ ಸೂತ್ರ ಬೇರೆ ಬಗೆಯದು. ವ್ಯಾಸವನ್ನು 16ರಿಂದ ಗುಣಿಸಿ, 16ನ್ನು ಕೂಡಿಸಿ, 113ರಿಂದ ಭಾಗಿಸಿ, ಬಂದುದಕ್ಕೆ ವ್ಯಾಸದ ಮೂರರಷ್ಟನ್ನು ಸೇರಿಸಬೇಕು. ಕೂಡಿಸುವ 16ನ್ನು ಬಿಟ್ಟರೆ ನಿಷ್ಪತ್ತಿ 355/113 ಆಗುತ್ತದೆ. ಇದು ಆರು ದಶಮಾಂಶ ಸ್ಥಾನಗಳವರೆಗೆ ಸರಿ. ಐದನೆಯ ಶತಮಾನದ ಚೀನೀ ಗಣಿತಜ್ಞ ತ್ಸು ಚುಂಗ್-ಚಿ ಹೇಳಿದುದೂ ಇದೇ. ಆದರೆ ಇಷ್ಟರಿಂದಲೇ ಋಣವನ್ನು ಊಹಿಸುವುದು ಯುಕ್ತವಲ್ಲ. ಛೇದವು 16,000ವನ್ನು ದಾಟುವವರೆಗೆ ಇದಕ್ಕಿಂತ ನಿಕಟವಾದ ಭಿನ್ನರಾಶಿ ಇಲ್ಲವಾದ್ದರಿಂದ, ಸೂಕ್ಷ್ಮವಾಗಿ ಅರಸಿದ ಇಬ್ಬರೂ ಪ್ರತ್ಯೇಕವಾಗಿಯೇ ಇಲ್ಲಿಗೆ ಬಂದಿರಬಹುದು. 113ರಂತಹ ಅಪರೂಪದ ಛೇದ ಕಾಕತಾಳೀಯವಾಗಿ ಬರುವುದೂ ದುಸ್ಸಾಧ್ಯ. ಆದುದರಿಂದ ಈ ಸಾಮ್ಯಕ್ಕೆ ಅರ್ಥವುಂಟು. ಆ ಅರ್ಥ ವೃತ್ತದ ಸ್ವಭಾವದಲ್ಲಿದೆ, ಸಂಪರ್ಕದಲ್ಲಿಯೇ ಇರಬೇಕೆಂದಿಲ್ಲ.

ಉಳಿದ ತೊಡಕು ಕೂಡಿಸುವ 16. ವ್ಯಾಸವು ಲಕ್ಷವಾದರೆ ಅದರಿಂದ ಬರುವ ಅಂತರ 16/113 ಮಾತ್ರ, ಎಂದರೆ ನಗಣ್ಯ. ವ್ಯಾಸ 1 ಆದರೆ ಪರಿಧಿ 3 32/113 ಆಗಿ, 10ರ ವರ್ಗಮೂಲಕ್ಕಿಂತಲೂ ಸ್ಥೂಲವಾಗುತ್ತದೆ. ಅಳತೆಯ ಮಾನ ಬದಲಾದಂತೆ ನಿಷ್ಪತ್ತಿ ಬದಲಾಗುವುದು ವೃತ್ತಧರ್ಮಕ್ಕೆ ವಿರುದ್ಧ. ಹಾಗೆಂದು ಅದನ್ನು ಲಿಪಿಕಾರನ ಪ್ರಮಾದವೆಂದು ಕಿತ್ತುಹಾಕುವುದೂ ಸುಲಭವಲ್ಲ. ಸೂತ್ರವು ಪದ್ಯರೂಪದಲ್ಲಿದ್ದು, ಆ ಪದವನ್ನು ತೆಗೆದರೆ ಛಂದಸ್ಸು ಕೆಡುತ್ತದೆ.

ಇನ್ನೊಂದು ಸಂಗತಿಯೂ ಸ್ಮರಣೀಯ. ವೀರಸೇನರ ತರುವಾಯ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಸ್ಥೂಲಕ್ಕೆ 3ನ್ನೂ ಸೂಕ್ಷ್ಮಕ್ಕೆ 10ರ ವರ್ಗಮೂಲವನ್ನೂ ಹೇಳುತ್ತಾರೆ. ಹತ್ತನೆಯ ಶತಮಾನದ ನೇಮಿಚಂದ್ರರ ತ್ರಿಲೋಕಸಾರದಲ್ಲಿಯೂ ಹಳೆಯ ಕ್ರಮವೇ ಮುಂದುವರಿದಿದೆ. ಸೂಕ್ಷ್ಮತರವಾದ ವಿಧಿಯೊಂದು ತಿಳಿದಿದ್ದಿತೆಂಬುದರಿಂದ ಪರಂಪರೆಯೆಲ್ಲ ಅದನ್ನು ಸ್ವೀಕರಿಸಿತೆಂದು ಹೇಳಲಾಗದು.

355/113ನ್ನು ಕಂಡ ಸಂತೋಷದಲ್ಲಿ 16ನ್ನು ಮರೆಸಿ ಸೂತ್ರವನ್ನು ಉದ್ಧರಿಸುವ ವಾಡಿಕೆ ಒಳ್ಳೆಯದಲ್ಲ. ಪಾಠವನ್ನು ಇದ್ದಂತೆ ಕೊಟ್ಟು, ಗಣಿತವನ್ನು ಬೇರೆಯಾಗಿ ವಿವರಿಸುವುದೇ ಸಂಪಾದಕಧರ್ಮ. ಆಚಾರ್ಯರ ಕೀರ್ತಿಗೆ ತಿದ್ದಿದ ಪಾಠದ ಆಸರೆ ಬೇಕಾಗಿಲ್ಲ. 113 ಎಂಬ ಸಂಖ್ಯೆಯೊಂದೇ ಸಾಕು.