ಕಲ್ಲಿನೊಳಗೆ ಓಡುವ ಸದ್ದು

ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ತಲೆಯೆತ್ತಿ ಕಮಲದ ಛತ್ತನ್ನು ನೋಡುತ್ತಾರೆ, ಆಮೇಲೆ ಚಾಲುಕ್ಯ ಶೈಲಿಯ ನುಣುಪಾದ ಕಂಬಗಳನ್ನು ಸವರುತ್ತಾರೆ. ಆದರೆ ಇಂಥ ಗುಡಿಗಳನ್ನು ಕಟ್ಟಿದ ಶಿಲ್ಪಿಗೆ ಕಣ್ಣು, ಕೈಗಳಷ್ಟೇ ಕಿವಿಯೂ ಬೇಕಿತ್ತು. ಶಿಲ್ಪಶಾಸ್ತ್ರಗಳು ಕಲ್ಲನ್ನು ಬಡಿದು ಪರೀಕ್ಷಿಸುವಂತೆ ಹೇಳುತ್ತವೆ. ಗಂಟೆಯಂತೆ ನುಡಿದರೆ ಪುಂಶಿಲೆ, ಕಂಚಿನ ತಾಳದಂತೆ ನುಡಿದರೆ ಸ್ತ್ರೀಶಿಲೆ, ದನಿಯೇ ಇಲ್ಲದ್ದು ನಪುಂಸಕ ಶಿಲೆ.

ಇದು ಬರಿಯ ನಂಬಿಕೆಯೇ? ಅಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೀರಿನಲ್ಲಿ 1,480 ಮೀಟರ್. ಗಟ್ಟಿ ಗ್ರಾನೈಟಿನಲ್ಲಿ 4,000ದಿಂದ 6,000 ಮೀಟರ್. ವಸ್ತು ಭಾರವಾದಷ್ಟೂ ವೇಗ ಹೆಚ್ಚೆಂದು ಹಲವರು ತಿಳಿಯುತ್ತಾರೆ. ಹಾಗಿಲ್ಲ. ಸೀಸ ಕಬ್ಬಿಣಕ್ಕಿಂತ ಭಾರ, ಆದರೆ ಸೀಸದಲ್ಲಿ ಶಬ್ದದ ವೇಗ ಕಬ್ಬಿಣದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಒತ್ತಿದರೆ ಬಗ್ಗದೆ ತಟ್ಟನೆ ಮರುಕಳಿಸುವ ಬಿಗುವೇ ಮುಖ್ಯ. ಭಾರ ಆ ಓಟವನ್ನು ತಡೆಯುತ್ತದೆ. ಕಲ್ಲಿನಲ್ಲಿ ಬಿರುಕಿದ್ದರೆ ಬಿಗುವು ಕುಗ್ಗುತ್ತದೆ, ಸದ್ದು ಸುತ್ತಿಬಳಸಿ ಹೋಗಬೇಕಾಗುತ್ತದೆ, ದನಿ ಬೇಗ ಸಾಯುತ್ತದೆ. ಶಿಲ್ಪಿಯ ಕಿವಿ ಹಿಡಿಯುತ್ತಿದ್ದುದು ಇದನ್ನೇ.

ಯೂರೋಪಿನ ವಿಜ್ಞಾನಿಗಳು ಈ ವೇಗವನ್ನು ಅಳೆಯಲು ಬಹಳ ಶ್ರಮಪಟ್ಟರು. ನ್ಯೂಟನ್ 1687ರಲ್ಲಿ ಗಾಳಿಯಲ್ಲಿನ ವೇಗವನ್ನು ಲೆಕ್ಕ ಹಾಕಿದ. ಉತ್ತರ ನಿಜಕ್ಕಿಂತ ಸುಮಾರು ಆರನೇ ಒಂದು ಪಾಲು ಕಡಿಮೆ ಬಂತು. ಒತ್ತಿದಾಗ ಗಾಳಿ ಬಿಸಿಯಾಗುವುದನ್ನು ಸೇರಿಸಿ 1816ರಲ್ಲಿ ಅದನ್ನು ಸರಿಪಡಿಸಿದವನು ಲಾಪ್ಲಾಸ್. 1808ರಲ್ಲಿ ಪ್ಯಾರಿಸ್ಸಿನ ಬಿಯೋ 951 ಮೀಟರ್ ಉದ್ದದ ಕಬ್ಬಿಣದ ಕೊಳವೆಯ ಒಂದು ತುದಿಯಲ್ಲಿ ಹೊಡೆಸಿದಾಗ ಇನ್ನೊಂದು ತುದಿಯಲ್ಲಿ ಎರಡು ಸದ್ದು ಕೇಳಿದವು. ಮೊದಲಿನದು ಲೋಹದ ಮೂಲಕ, ಎರಡೂವರೆ ಸೆಕೆಂಡು ತಡವಾಗಿ ಬಂದದ್ದು ಗಾಳಿಯ ಮೂಲಕ. 1826ರಲ್ಲಿ ಜಿನೀವಾ ಸರೋವರದಲ್ಲಿ ನೀರಿನೊಳಗೆ ಗಂಟೆ ಬಾರಿಸಿ ಕೊಲಾಡನ್ ಮತ್ತು ಸ್ಟರ್ಮ್ ಸೆಕೆಂಡಿಗೆ 1,435 ಮೀಟರ್ ಎಂದು ಅಳೆದರು.

ನಮ್ಮಲ್ಲಿ ಈ ವಿಷಯ ಹಂಪಿಯ ವಿಠ್ಠಲ ದೇವಾಲಯಕ್ಕೆ ಬಂದು ನಿಲ್ಲುತ್ತದೆ. ಅಲ್ಲಿನ ಸಂಗೀತ ಕಂಬಗಳು ಟೊಳ್ಳಾಗಿರಬೇಕು ಎಂಬ ಮಾತು ಬಹುಕಾಲ ಪ್ರಚಲಿತವಾಗಿತ್ತು. ಕಲ್ಪಾಕ್ಕಂನ ಇಂದಿರಾಗಾಂಧಿ ಅಣುಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಹಾನಿಯಾಗದಂತೆ ಶ್ರವಣಾತೀತ ತರಂಗಗಳನ್ನು ಹಾಯಿಸಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಸರಳ: ಆ ಕಂಬಗಳು ಗಟ್ಟಿ ಕಲ್ಲೇ. ಸ್ವರ ಹುಟ್ಟುವುದು ಕಂಬ ಬಾಗಿ ಕಂಪಿಸುವುದರಿಂದ. ಆ ಸ್ವರವನ್ನು ನಿರ್ಧರಿಸುವುದು ಉದ್ದ, ದಪ್ಪ ಮತ್ತು ಕಲ್ಲಿನೊಳಗಿನ ಶಬ್ದದ ವೇಗ.

ಆದರೆ ಶತಮಾನಗಳ ಕಾಲ ಬಡಿಸಿಕೊಂಡ ಕಂಬಗಳು ಸವೆದಿವೆ. ಈಗ ಬಡಿಯುವುದಕ್ಕೆ ನಿಷೇಧವಿದೆ. ಕಲ್ಲು ಹಳತಾಗಿ ಒಳಗೊಳಗೇ ಬಿರಿದರೆ ಅದರಲ್ಲಿ ಸದ್ದಿನ ಓಟ ನಿಧಾನವಾಗುತ್ತದೆ. ಕಣ್ಣಿಗೆ ಬಿರುಕು ಕಾಣುವ ಮೊದಲೇ ಉಪಕರಣ ಅದನ್ನು ಹೇಳಬಲ್ಲದು. ಹಂಪಿಗಷ್ಟೇ ಅಲ್ಲ, ಹಾನಗಲ್ಲಿನಂಥ ಊರುಗಳ ಹಳೆಯ ಗುಡಿಗಳಿಗೂ ಈ ಪರೀಕ್ಷೆ ಒದಗುತ್ತದೆ. ಪ್ರವಾಸಿಗಳಾದ ನಾವು ಮಾಡಬೇಕಾದದ್ದು ಇಷ್ಟೇ: ಕಂಬವನ್ನು ಬಡಿಯದೆ ಬಿಡುವುದು.