ನಮ್ಮ ಹಿರಿಯರು, ನಿಮ್ಮ ಹಿರಿಯರು

ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ 13ನೆಯ ಅಧ್ಯಾಯದಲ್ಲಿ ಪೌಲನ ಒಂದು ಭಾಷಣವಿದೆ. ಗಟ್ಟಿಯಾಗಿ ಓದಿದರೂ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಾರದು. ಭಕ್ತರು ಅದನ್ನು ಓದುವ ಬಗೆ ಬೇರೆ. ಮಕ್ಕಳಿಗೆ ಇತಿಹಾಸ ಪಾಠ ಹೇಳಿಕೊಂಡು ಬಂದ ನನಗೆ ಅದರಲ್ಲಿ ಇನ್ನೊಂದು ಬಗೆಯ ಆಸಕ್ತಿ. ಒಂದು ಜನಾಂಗದ ಚರಿತ್ರೆಯನ್ನು ಆ ಜನರ ಮುಂದೆಯೇ ಹೇಳಿ, ಅದರ ತುದಿಗೆ ಹೊಸದೊಂದು ಸುದ್ದಿಯನ್ನು ಜೋಡಿಸಿ, ಇದು ನಿಮ್ಮದೇ ಕಥೆಯ ಮುಂದಿನ ಭಾಗ ಎಂದು ಒಪ್ಪಿಸಲು ಹೊರಟ ಪ್ರಯತ್ನ ಅದು. ಹೇಳುವವನೂ ಯೆಹೂದಿ, ಕೇಳುವವರಲ್ಲಿ ಹೆಚ್ಚಿನವರೂ ಯೆಹೂದ್ಯರು. ಕ್ರೈಸ್ತಧರ್ಮವೆಂಬುದು ಇನ್ನೂ ಬೇರೆಯ ಧರ್ಮವೆನಿಸಿಕೊಳ್ಳದಿದ್ದ ಕಾಲದ ಮಾತಿದು.

ನಡೆದ ಸ್ಥಳ ಪಿಸಿದ್ಯದ ಅಂತಿಯೋಕ್ಯ, ಇಂದಿನ ತುರ್ಕಿಯ ಯಾಲ್ವಾಚ್ ಎಂಬ ಊರಿನ ಪಕ್ಕ. ಕಾಲ ಸುಮಾರು ಕ್ರಿ.ಶ. 47. ಪೌಲನೂ ಬಾರ್ನಬನೂ ಸೈಪ್ರಸ್ ದ್ವೀಪದಿಂದ ಹಡಗು ಹತ್ತಿ, ಪೆರ್ಗದ ಕಡೆಯಿಂದ ಟಾರಸ್ ಬೆಟ್ಟಗಳನ್ನು ದಾಟಿ ಅಲ್ಲಿಗೆ ಬಂದರು. ಜೊತೆಗಿದ್ದ ಮಾರ್ಕನೆಂಬ ಯೋಹಾನ ಪೆರ್ಗದಿಂದಲೇ ಊರಿಗೆ ಹಿಂದಿರುಗಿದ. ಬೆಟ್ಟದ ದಾರಿಗೆ ಹೆದರಿದನೋ, ಬೇರೆ ಕಾರಣವಿತ್ತೋ, ಗ್ರಂಥ ಹೇಳುವುದಿಲ್ಲ. ಸೆಲ್ಯೂಕಿಡ್ ಅರಸರು ಕ್ರಿ.ಪೂ. 3ನೆಯ ಶತಮಾನದಲ್ಲಿ ಕಟ್ಟಿದ ಈ ಪಟ್ಟಣವನ್ನು ಅಗಸ್ಟಸ್ ಚಕ್ರವರ್ತಿ ಕ್ರಿ.ಪೂ. 25ರ ಸುಮಾರಿಗೆ ರೋಮನ್ ವಸಾಹತಾಗಿ ಮಾಡಿ, ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ಕೂರಿಸಿದ್ದ. ಅಗಸ್ಟಸನು ತನ್ನ ಸಾಧನೆಗಳನ್ನು ತಾನೇ ಹೇಳಿಕೊಂಡಿರುವ ಪ್ರಸಿದ್ಧ ಶಾಸನದ ಲ್ಯಾಟಿನ್ ಪ್ರತಿಯ ತುಣುಕುಗಳು ಇಲ್ಲಿಯೂ ಸಿಕ್ಕಿವೆ. ಊರ ನಡುವೆ ಚಕ್ರವರ್ತಿಯ ಗುಡಿ. ಅಂಥ ಊರಿನಲ್ಲಿ ಯೆಹೂದ್ಯರು ಎಲ್ಲಿಂದ ಬಂದರು ಎಂದರೆ, 3ನೆಯ ಅಂತಿಯೋಕಸ್ ಅರಸ ಮೆಸಪೊಟೇಮಿಯ ಮತ್ತು ಬಾಬಿಲೋನ್ ಕಡೆಯಿಂದ 2000 ಯೆಹೂದಿ ಕುಟುಂಬಗಳನ್ನು ಲಿಡಿಯ, ಫ್ರಿಜಿಯ ಪ್ರಾಂತಗಳಿಗೆ ತಂದು ನೆಲೆಗೊಳಿಸಿದ ಸಂಗತಿಯನ್ನು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಪೌಲ ಬರುವ ಹೊತ್ತಿಗೆ ಯೆಹೂದ್ಯರು ಆ ಸೀಮೆಗೆ ಬಂದು ಇನ್ನೂರು ವರ್ಷಕ್ಕೂ ಮೇಲಾಗಿತ್ತು.

ಸಬ್ಬತ್ ದಿನ ಇಬ್ಬರೂ ಸಭಾಮಂದಿರಕ್ಕೆ ಹೋಗಿ ಕುಳಿತರು. ಮೊದಲು ಮೋಶೆಯ ಧರ್ಮಶಾಸ್ತ್ರದ ಪಠಣ, ಆಮೇಲೆ ಪ್ರವಾದಿಗಳ ಗ್ರಂಥದ ಪಠಣ. ಅದು ಮುಗಿದ ಮೇಲೆ ಮಂದಿರದ ಹಿರಿಯರು, ಹೊರಗಿನಿಂದ ಬಂದವರು ನಾಲ್ಕು ಮಾತು ಆಡುವುದಿದ್ದರೆ ಆಡಬಹುದೆಂದು ಹೇಳಿಕಳಿಸಿದರು. ಸಬ್ಬತ್ತಿನಂದು ಪ್ರವಾದಿಗಳನ್ನು ಓದುವ ಯೆಹೂದಿ ಪದ್ಧತಿಗೆ ನಮಗೆ ಸಿಗುವ ಅತ್ಯಂತ ಹಳೆಯ ಲಿಖಿತ ಆಧಾರಗಳಲ್ಲಿ ಒಂದು ಈ ಪ್ರಸಂಗ, ಇನ್ನೊಂದು ಲೂಕನ ಸುವಾರ್ತೆಯಲ್ಲಿ ಬರುವ ನಜರೇತಿನ ಪ್ರಸಂಗ. ಯೆಹೂದ್ಯರ ಪದ್ಧತಿಗೆ ಸಾಕ್ಷಿ ಕ್ರೈಸ್ತರ ಪುಸ್ತಕಗಳಲ್ಲಿ ಉಳಿದುಬಂದಿದೆ. ಆ ಎರಡು ಮನೆಗಳ ಗೋಡೆ ಆಗ ಎಷ್ಟು ತೆಳುವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪೌಲ ಎದ್ದುನಿಂತು ಕೈಸನ್ನೆ ಮಾಡಿ, ಎರಡು ಬಗೆಯ ಜನರನ್ನು ಸಂಬೋಧಿಸುತ್ತಾನೆ: ಇಸ್ರಾಯೇಲ್ಯರು, ಮತ್ತು ದೇವರಲ್ಲಿ ಭಯಭಕ್ತಿಯುಳ್ಳವರು. ಎರಡನೆಯವರು ಯೆಹೂದ್ಯರಾಗಿ ಹುಟ್ಟದೆ, ಸುನ್ನತಿಯನ್ನೂ ಮಾಡಿಸಿಕೊಳ್ಳದೆ, ಆ ಏಕದೇವನ ಆರಾಧನೆಗೆ ಮನಸೋತು ಮಂದಿರದ ಜಗುಲಿಯಲ್ಲಿ ನಿಂತವರು. ಇಂಥವರು ನಿಜವಾಗಿ ಇದ್ದರೇ, ಲೂಕನ ಕಲ್ಪನೆಯೇ ಎಂದು ಕೆಲವು ವಿದ್ವಾಂಸರು ಅನುಮಾನಿಸಿದ್ದುಂಟು. 1976ರಲ್ಲಿ ತುರ್ಕಿಯ ಅಫ್ರೊಡಿಸಿಯಸ್ ಎಂಬಲ್ಲಿ ಸಿಕ್ಕಿದ ಶಿಲಾಶಾಸನವೊಂದರಲ್ಲಿ ಯೆಹೂದ್ಯರ ಹೆಸರುಗಳ ಜೊತೆಗೆ ‘ದೈವಭಕ್ತರು’ ಎಂಬ ಪ್ರತ್ಯೇಕ ತಲೆಬರಹದಡಿ ಐವತ್ತಕ್ಕೂ ಹೆಚ್ಚು ಹೆಸರುಗಳಿವೆ. ಶಾಸನ ಪೌಲನಿಗಿಂತ ಕೆಲವು ಶತಮಾನ ಈಚಿನದಾದರೂ ಅಂಥ ಒಂದು ವರ್ಗವಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತಂತಾಯಿತು.

ಇನ್ನು ಭಾಷಣ. ಇಸ್ರಾಯೇಲಿನ ದೇವರು ನಮ್ಮ ಹಿರಿಯರನ್ನು ಆರಿಸಿಕೊಂಡ ಎಂದು ಪೌಲ ಆರಂಭಿಸುತ್ತಾನೆ. ಐಗುಪ್ತದಿಂದ ಬಿಡುಗಡೆ, ಅರಣ್ಯದಲ್ಲಿ 40 ವರ್ಷ, ಕಾನಾನಿನ ಏಳು ಜನಾಂಗಗಳ ನಾಶ, ಸುಮಾರು 450 ವರ್ಷಗಳ ಲೆಕ್ಕ, ನ್ಯಾಯಾಧಿಪತಿಗಳು, ಸಮುವೇಲ, ಬೆನ್ಯಾಮೀನ ಕುಲದ ಸೌಲ ರಾಜನ 40 ವರ್ಷದ ಆಳ್ವಿಕೆ, ಆಮೇಲೆ ದಾವೀದ. ಹೇಳುತ್ತಿರುವವನ ಹೀಬ್ರೂ ಹೆಸರೂ ಸೌಲ, ಕುಲವೂ ಬೆನ್ಯಾಮೀನ. ತನ್ನದೇ ಹೆಸರಿನ ಅರಸ ಪದಚ್ಯುತನಾದ ಕಥೆಯನ್ನು ಆತ ಒಂದೇ ಮಾತಿನಲ್ಲಿ ದಾಟಿಬಿಡುತ್ತಾನೆ! ಸೌಲ 40 ವರ್ಷ ಆಳಿದನೆಂಬ ಲೆಕ್ಕ ಹೀಬ್ರೂ ಭಾಷೆಯ ಸಮುವೇಲನ ಗ್ರಂಥಗಳಲ್ಲಿಲ್ಲ. ಪುಸ್ತಕದಲ್ಲಿದ್ದುದು ಮಾತ್ರವಲ್ಲದೆ ಬಾಯಿಂದ ಬಾಯಿಗೆ ಬಂದ ಚರಿತ್ರೆಯೂ ಅವರ ನಡುವೆ ಓಡಾಡುತ್ತಿತ್ತೆಂದು ನಾನು ಇದರಿಂದ ತಿಳಿಯುತ್ತೇನೆ.

ಬಿಟ್ಟಿರುವುದನ್ನು ನೋಡಬೇಕು. ಐಗುಪ್ತದ ಕಥೆಯಲ್ಲಿ ಮೋಶೆಯ ಹೆಸರೇ ಇಲ್ಲ. ಸೀನಾಯಿ ಬೆಟ್ಟವಿಲ್ಲ, ಹತ್ತು ಆಜ್ಞೆಗಳಿಲ್ಲ. ಅಬ್ರಹಾಮನ ಹೆಸರು ಕೇಳುಗರನ್ನು ಕರೆಯುವಾಗ ಮಾತ್ರ ಬರುತ್ತದೆ. ಸೊಲೊಮೋನನಿಲ್ಲ, ದೇವಾಲಯವಿಲ್ಲ, ರಾಜ್ಯ ಒಡೆದದ್ದಿಲ್ಲ, ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಬಿದ್ದು ಬಾಬಿಲೋನಿಗೆ ಸೆರೆಹೋದದ್ದಿಲ್ಲ. ದಾವೀದನ ಬಳಿ ಕಥೆ ಗಕ್ಕನೆ ನಿಲ್ಲುತ್ತದೆ. ಅಲ್ಲಿಂದ ಸಾವಿರ ವರ್ಷಗಳ ಒಂದೇ ನೆಗೆತ; ಈ ದಾವೀದನ ಸಂತಾನದಿಂದಲೇ ದೇವರು ಮಾತುಕೊಟ್ಟ ಪ್ರಕಾರ ರಕ್ಷಕನಾದ ಯೇಸುವನ್ನು ಕಳುಹಿಸಿದ ಎನ್ನುತ್ತಾನೆ ಪೌಲ. ನನ್ನ ತರಗತಿಯ ಯಾವ ಹುಡುಗಿಯಾದರೂ ಉತ್ತರಪತ್ರಿಕೆಯಲ್ಲಿ ಹೀಗೆ ಸಾವಿರ ವರ್ಷ ಹಾರಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಪೌಲನ ಉದ್ದೇಶ ಕಾಲಾನುಕ್ರಮ ಒಪ್ಪಿಸುವುದಾಗಿರಲಿಲ್ಲ. ದಾವೀದನ ಮನೆತನ ಶಾಶ್ವತವಾಗಿ ಉಳಿಯುವುದೆಂದು ದೇವರು ಕೊಟ್ಟ ಮಾತು ಸಮುವೇಲನ 2ನೆಯ ಗ್ರಂಥದಲ್ಲಿದೆ. ಸಿಂಹಾಸನ ಉರುಳಿ ಆರು ಶತಮಾನ ಕಳೆದಿದ್ದರೂ ಆ ಮಾತು ಏನಾಯಿತು ಎಂಬ ಪ್ರಶ್ನೆ ಸಭಾಮಂದಿರದಲ್ಲಿ ಕುಳಿತವರ ಎದೆಯಲ್ಲಿತ್ತು. ಪೌಲ ಕಥೆಯನ್ನು ನಿಲ್ಲಿಸಿದ್ದು ಆ ಪ್ರಶ್ನೆ ಹುಟ್ಟಿದ ಜಾಗದಲ್ಲಿ.

ಉತ್ತರವಾಗಿ ಆತ ಮುಂದಿಟ್ಟದ್ದು ಪುನರುತ್ಥಾನ. ಈ ಪದವನ್ನು ಕನ್ನಡದಲ್ಲಿ ಓದುವಾಗ ನಮ್ಮ ಮನಸ್ಸು ತಟ್ಟನೆ ಪುನರ್ಜನ್ಮದ ಕಡೆ ಹೋಗುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಪುನರ್ಜನ್ಮದಲ್ಲಿ ಆತ್ಮ ಬೇರೊಂದು ದೇಹಕ್ಕೆ ಹೋಗುತ್ತದೆ. ಪುನರುತ್ಥಾನವೆಂದರೆ ಸತ್ತವನೇ, ಅವನಾಗಿಯೇ, ದೇಹಸಹಿತ ಎದ್ದುಬರುವುದು. ಇದು ಕ್ರೈಸ್ತರು ಹೊಸದಾಗಿ ಕಂಡುಹಿಡಿದ ಕಲ್ಪನೆಯೂ ಅಲ್ಲ. ಕ್ರಿ.ಪೂ. 167ರ ಸುಮಾರಿಗೆ 4ನೆಯ ಅಂತಿಯೋಕಸ್ ಅರಸ ಯೆಹೂದಿ ಧರ್ಮಾಚರಣೆಯನ್ನೇ ನಿಷೇಧಿಸಿ, ಬಿಡದವರನ್ನು ಕೊಲ್ಲಿಸಿದಾಗ, ದೇವರಿಗಾಗಿ ಸತ್ತವರಿಗೆ ನ್ಯಾಯವೆಲ್ಲಿ ಎಂಬ ಸಂಕಟದಲ್ಲಿ ಈ ನಂಬಿಕೆ ಗಟ್ಟಿಯಾಯಿತು. ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅದು ಕಾಣುತ್ತದೆ. ಮಕ್ಕಬಿಯರ 2ನೆಯ ಗ್ರಂಥದಲ್ಲಿ ತಾಯಿಯೊಬ್ಬಳು ತನ್ನ ಏಳು ಮಕ್ಕಳು ಒಬ್ಬೊಬ್ಬರಾಗಿ ಸಾಯುವುದನ್ನು ನೋಡುತ್ತ, ದೇವರು ಜೀವವನ್ನು ಮರಳಿ ಕೊಡುತ್ತಾನೆಂದು ಅವರಿಗೆ ಧೈರ್ಯ ಹೇಳುವ ಪ್ರಸಂಗವಿದೆ. ಫರಿಸಾಯರು ಇದನ್ನು ನಂಬಿದರು, ದೇವಾಲಯದ ಯಾಜಕವರ್ಗದ ಸದ್ದುಕಾಯರು ನಂಬಲಿಲ್ಲ. ಪೌಲ ಫರಿಸಾಯ. ಅಂತ್ಯಕಾಲದಲ್ಲಿ ಎಲ್ಲರಿಗೂ ಒಟ್ಟಿಗೆ ಆಗಬೇಕಾದದ್ದು ಇತಿಹಾಸದ ನಡುವೆಯೇ ಒಬ್ಬನಿಗೆ ಆಗಿಬಿಟ್ಟಿದೆ ಎಂಬುದು ಅವನ ಹೊಸ ಮಾತು. ಅದೂ ಎಂಥವನಿಗೆ? ಪಿಲಾತನ ಅಪ್ಪಣೆಯಿಂದ ಶಿಲುಬೆಗೇರಿದವನಿಗೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಪೌಲ ಆ ವಿಷಯವನ್ನು ಮುಚ್ಚಿಡಲಿಲ್ಲ. ಶಿಲುಬೆಗೆ ‘ಮರ’ ಎಂಬ ಪದವನ್ನೇ ಬಳಸಿದ. ಶಾಪ ಹೊತ್ತು ಸತ್ತವನನ್ನು ದೇವರೇ ಎಬ್ಬಿಸಿದ್ದಾದರೆ ಆ ತೀರ್ಪು ರದ್ದಾಯಿತೆಂದೇ ಅರ್ಥ.

ಸಾಕ್ಷಿಗಾಗಿ ಆತ ಎರಡು ಕಡೆ ತಿರುಗುತ್ತಾನೆ. ಒಂದು, ಗಲಿಲಾಯದಿಂದ ಯೇಸುವಿನ ಜೊತೆ ಬಂದು, ಎದ್ದವನನ್ನು ಹಲವು ದಿನ ಕಂಡವರು. ಎರಡು, ಧರ್ಮಗ್ರಂಥ. ದೇವರ ಭಕ್ತನು ಕೊಳೆಯಲಾರನೆಂಬ ಅರ್ಥದ ಮಾತು 16ನೆಯ ಕೀರ್ತನೆಯಲ್ಲಿದೆ, ಕೀರ್ತನೆ ದಾವೀದನದು, ಆದರೆ ದಾವೀದ ಸತ್ತು ಮಣ್ಣಾದ, ಆದ್ದರಿಂದ ಆ ಮಾತು ಅವನ ಕುರಿತದ್ದಲ್ಲ, ಅವನ ವಂಶದಲ್ಲಿ ಬಂದವನ ಕುರಿತದ್ದು. ವಾದದ ಸರಣಿ ಇಷ್ಟು. ಪೇತ್ರನೂ ಯೆರೂಸಲೇಮಿನ ತನ್ನ ಮೊದಲ ಭಾಷಣದಲ್ಲಿ ಇದೇ ಕೀರ್ತನೆಯನ್ನು ಹಿಡಿದು, ದಾವೀದನ ಸಮಾಧಿ ಇಲ್ಲೇ ಇದೆಯಲ್ಲ ಎಂದು ಕೇಳುಗರಿಗೆ ನೆನಪಿಸುತ್ತಾನೆ. ವಾದ ನಿಂತಿರುವುದು ಒಂದು ಅನುವಾದದ ಮೇಲೆ ಎಂಬುದು ನನಗೆ ಬಲು ಸ್ವಾರಸ್ಯವಾಗಿ ಕಂಡಿದೆ. ಹೀಬ್ರೂ ಮೂಲದ ಪದಕ್ಕೆ ಸಾಮಾನ್ಯವಾಗಿ ಗುಂಡಿ, ಹಳ್ಳ ಎಂಬ ಅರ್ಥ. ಚದುರಿದ ಯೆಹೂದ್ಯರು ಓದುತ್ತಿದ್ದ ಗ್ರೀಕ್ ಅನುವಾದದಲ್ಲಿ ಅದು ಕೊಳೆಯುವಿಕೆ ಎಂದಾಗಿದೆ. ಗುಂಡಿ ಎಂದಿಟ್ಟುಕೊಂಡರೆ ಭಕ್ತನನ್ನು ದೇವರು ಸಾವಿನ ಬಾಯಿಂದ ಕಾಪಾಡುತ್ತಾನೆ ಎಂಬಷ್ಟೇ ತಾತ್ಪರ್ಯ. ಕೊಳೆಯುವಿಕೆ ಎಂದರೆ ಮಾತ್ರ ಸಮಾಧಿಯ ಪ್ರಶ್ನೆ ಏಳುತ್ತದೆ. ಆ ಅನುವಾದ ಮಾಡಿದವರು ಯೆಹೂದ್ಯರೇ, ಯೇಸುವಿಗಿಂತ ಮುಂಚಿನವರು.

ಇದು ಪೌಲನ ಬಾಯಿಂದ ಬಂದ ಮಾತುಗಳೇ ಎಂದು ಕೇಳಬಹುದು. ಕೃತ್ಯಗಳ ಗ್ರಂಥವನ್ನು ಲೂಕ ಬರೆದದ್ದು ಕ್ರಿ.ಶ. 80-90ರ ಸುಮಾರಿಗೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪ್ರಸಂಗಕ್ಕೆ ತಕ್ಕ ಭಾಷಣ ರಚಿಸಿ ಪಾತ್ರಗಳ ಬಾಯಲ್ಲಿ ಇಡುವುದು ಥುಸಿಡಿಡೀಸನ ಕಾಲದಿಂದಲೂ ಗ್ರೀಕ್ ಇತಿಹಾಸಕಾರರ ರೂಢಿ. ಆದರೆ ಅದಕ್ಕಿಂತ ಹಿಂದೆ, 50ರ ದಶಕದ ನಡುವೆ, ಪೌಲ ತಾನೇ ಕೊರಿಂಥದವರಿಗೆ ಬರೆದ 1ನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಇದೇ ಅಸ್ಥಿಪಂಜರವಿದೆ: ಸತ್ತ, ಹೂಣಲ್ಪಟ್ಟ, ಎಬ್ಬಿಸಲ್ಪಟ್ಟ, ಕಾಣಿಸಿಕೊಂಡ, ಎಲ್ಲವೂ ಧರ್ಮಗ್ರಂಥದ ಪ್ರಕಾರ. ಇದನ್ನು ತಾನು ಇತರರಿಂದ ಪಡೆದು ದಾಟಿಸುತ್ತಿದ್ದೇನೆ ಎಂದೂ ಹೇಳುತ್ತಾನೆ. ಹಾಗಾಗಿ ಪದಗಳು ಲೂಕನವಾದರೂ ಬೋಧನೆಯ ಅಚ್ಚು ಹಳೆಯದು.

ಈ ಅಚ್ಚು ಎಲ್ಲ ಕಡೆ ನಡೆಯುತ್ತಿರಲಿಲ್ಲ. ಮುಂದೆ ಲುಸ್ತ್ರದ ಹಳ್ಳಿಗರು ಬಾರ್ನಬನನ್ನು ಜ್ಯೂಸ್ ದೇವರೆಂದೂ ಪೌಲನನ್ನು ಹರ್ಮಿಸ್ ಎಂದೂ ತಿಳಿದು ಬಲಿ ಕೊಡಲು ಎತ್ತುಗಳನ್ನು ತಂದಾಗ, ಆತ ಆಡಿದ್ದು ಮಳೆ ಬೆಳೆಯ ಮಾತು. ಅಥೇನೆಯಲ್ಲಿ ಗ್ರೀಕ್ ಕವಿಯ ಮಾತನ್ನೇ ಎತ್ತಿಕೊಂಡ. ಎರಡೂ ಕಡೆ ದಾವೀದನಿಲ್ಲ, ಐಗುಪ್ತವಿಲ್ಲ. ಅಥೇನೆಯವರು ಪುನರುತ್ಥಾನವೆಂದೊಡನೆ ನಕ್ಕರು. ಇಸ್ರಾಯೇಲಿನ ಚರಿತ್ರೆ ಗೊತ್ತಿಲ್ಲದವರಿಗೆ ಅದು ತಲೆಬುಡವಿಲ್ಲದ ಅದ್ಭುತವಷ್ಟೇ.

ಇದೇ ಚರಿತ್ರೆಯನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದಿತ್ತು. ಕೃತ್ಯಗಳ 7ನೆಯ ಅಧ್ಯಾಯದಲ್ಲಿ ಸ್ತೆಫನ ಯೆರೂಸಲೇಮಿನ ನ್ಯಾಯಸಭೆಯ ಮುಂದೆ ಹೇಳುವ ಚರಿತ್ರೆ ಅಬ್ರಹಾಮನಿಂದ ಸೊಲೊಮೋನನವರೆಗೆ ವಿಸ್ತಾರವಾಗಿದೆ. ಆದರೆ ಅದರ ತುಂಬ ತಿರಸ್ಕಾರದ ಘಟನೆಗಳು. ಯೋಸೇಫನನ್ನು ಅಣ್ಣಂದಿರು ಮಾರಿದರು, ಮೋಶೆಯನ್ನು ಜನ ಧಿಕ್ಕರಿಸಿದರು, ಚಿನ್ನದ ಕರುವನ್ನು ಪೂಜಿಸಿದರು. ಉದ್ದಕ್ಕೂ ನಮ್ಮ ಹಿರಿಯರು ಎನ್ನುತ್ತಾ ಬಂದವನು ಕೊನೆಗೆ ಪ್ರವಾದಿಗಳನ್ನು ಕೊಂದವರ ಮಾತು ಬಂದಾಗ ನಿಮ್ಮ ಹಿರಿಯರು ಎಂದುಬಿಡುತ್ತಾನೆ. ಮರುಗಳಿಗೆ ಕಲ್ಲುಗಳು ಬಿದ್ದವು. ಕಲ್ಲೆಸೆದವರ ಬಟ್ಟೆ ಕಾಯುತ್ತ ನಿಂತಿದ್ದ ಯುವಕ ಸೌಲ, ಅಂದರೆ ಪೌಲ. ಅಂತಿಯೋಕ್ಯದಲ್ಲಿ ಅದೇ ಪೌಲ, ಯೇಸುವನ್ನು ಗುರುತಿಸದೆ ಕೊಲ್ಲಿಸಿದವರು ಯೆರೂಸಲೇಮಿನ ನಿವಾಸಿಗಳು ಮತ್ತು ಅವರ ಅಧಿಕಾರಿಗಳು ಎಂದು ಎಚ್ಚರದಿಂದ ಹೇಳುತ್ತಾನೆ. ಅವರು ಎಂದರೆ ಅಲ್ಲಿಯವರು, ಆಗಿನವರು. ಎದುರಿಗೆ ಕುಳಿತವರ ತಲೆಗೆ ಆ ರಕ್ತವನ್ನು ಕಟ್ಟುವುದಿಲ್ಲ. ಅವರಿಗೆ ಕೊಡುವುದು ಸುದ್ದಿ, ಮತ್ತು ಕೊನೆಯಲ್ಲಿ ಹಬಕ್ಕೂಕನ ಗ್ರಂಥದಿಂದ ತೆಗೆದ ಒಂದು ಎಚ್ಚರಿಕೆ.

ಮುಂದಿನ ಸಬ್ಬತ್ತಿಗೆ ಊರಿಗೆ ಊರೇ ನೆರೆಯಿತೆಂದು ಲೂಕ ಬರೆಯುತ್ತಾನೆ. ಮಂದಿರದ ಯೆಹೂದ್ಯರು ಪ್ರತಿಭಟಿಸಿದರು. ಹಾಗಾದರೆ ಅನ್ಯಜನರ ಕಡೆ ಹೋಗುತ್ತೇವೆ ಎಂದರು ಇವರು. ಪಟ್ಟಣದ ಪ್ರಮುಖರನ್ನೂ, ಮಂದಿರಕ್ಕೆ ಬರುತ್ತಿದ್ದ ದೊಡ್ಡ ಮನೆತನದ ಹೆಂಗಸರನ್ನೂ ಎತ್ತಿಕಟ್ಟಿ ಇಬ್ಬರನ್ನೂ ಹೊರಗಟ್ಟಿಸಲಾಯಿತು. ಆ ಹೆಂಗಸರ ಬಗ್ಗೆ ನನಗೆ ಕುತೂಹಲ. ವರ್ಷಗಟ್ಟಲೆ ಆಶ್ರಯವಾಗಿದ್ದ ಮಂದಿರವನ್ನು ಎರಡು ವಾರದ ಹಿಂದೆ ಬಂದವರು ಒಡೆಯುತ್ತಿದ್ದಾರೆಂದು ಅವರಿಗೆ ಅನ್ನಿಸಿದ್ದರೆ ತಪ್ಪೇನಿತ್ತು? ಲೂಕ ಅವರ ಕಡೆಯ ಮಾತನ್ನು ಬರೆದಿಲ್ಲ. ಪೌಲ, ಬಾರ್ನಬರು ಕಾಲಿನ ಧೂಳು ಝಾಡಿಸಿ ಇಕೋನ್ಯದ ದಾರಿ ಹಿಡಿದರು. ಅದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ರೋಮಿನಲ್ಲಿ, ಪೌಲನ ಬಾಯಲ್ಲೂ ನಿಮ್ಮ ಹಿರಿಯರು ಎಂಬ ಮಾತು ಬಂದಿದೆ. ಹಳೆಯ ಹಸ್ತಪ್ರತಿಗಳಲ್ಲಿರುವುದು ಹೀಗೆ. ಈಚಿನ ಅನೇಕ ಪ್ರತಿಗಳಲ್ಲಿ ಅದು ನಮ್ಮ ಎಂದಾಗಿದೆ. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ.

ಸುಮಾರು ಕ್ರಿ.ಶ. 144ರಲ್ಲಿ ಮಾರ್ಸಿಯನ್ ಎಂಬವನು ಯೆಹೂದ್ಯರ ಗ್ರಂಥಗಳನ್ನೇ ಕೈಬಿಡಬೇಕೆಂದಾಗ ರೋಮಿನ ಸಭೆ ಅವನನ್ನು ಹೊರಹಾಕಿತು. ಚರಿತ್ರೆ ಉಳಿಯಿತು. ಹೇಗೆ ಉಳಿಯಿತೆಂದರೆ, ಅದೇ ಶತಮಾನದ ಉತ್ತರಾರ್ಧದಲ್ಲಿ, ಅಂತಿಯೋಕ್ಯಕ್ಕೆ ಪಶ್ಚಿಮದ ಸಾರ್ದಿಸ್ ಪಟ್ಟಣದ ಬಿಷಪ್ ಮೆಲಿಟೊ ಪಸ್ಕಹಬ್ಬದ ಕುರಿತ ತನ್ನ ಪ್ರಬಂಧದಲ್ಲಿ ಐಗುಪ್ತದ ಬಿಡುಗಡೆಯ ಕಥೆಯನ್ನು ಸೊಗಸಾಗಿ ಹೇಳಿ, ದೇವರನ್ನು ಕೊಂದ ಆರೋಪವನ್ನು ಇಡೀ ಇಸ್ರಾಯೇಲಿನ ಮೇಲೆ ಹೊರಿಸಿದ. ಯೆರೂಸಲೇಮಿನ ‘ಅವರು’ ಹಿಗ್ಗಿ ಒಂದು ಜನಾಂಗವಾಯಿತು. ಆ ಆರೋಪದ ಹೆಸರಿನಲ್ಲಿ ಯೂರೋಪಿನಲ್ಲಿ ನಡೆದ ಅಟ್ಟುವಿಕೆ, ಕೊಲೆಗಳನ್ನು ಇಲ್ಲಿ ವಿವರಿಸಹೊರಡುವುದಿಲ್ಲ. 1965ರ ಅಕ್ಟೋಬರ್ 28ರಂದು 2ನೆಯ ವ್ಯಾಟಿಕನ್ ಮಹಾಸಭೆ, ಯೇಸುವಿನ ಮರಣದ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲೀ ಇಂದಿನ ಯೆಹೂದ್ಯರ ಮೇಲಾಗಲೀ ಹೊರಿಸಕೂಡದೆಂದು ಘೋಷಿಸಿತು. ಸ್ಥೂಲವಾಗಿ ನೋಡಿದರೆ ಅಂತಿಯೋಕ್ಯದ ಭಾಷಣದಲ್ಲಿದ್ದ ಗೆರೆಗೇ ಹಿಂದಿರುಗಿದಂತೆ. ಅದಕ್ಕೆ ಹಿಡಿದದ್ದು ಹತ್ತೊಂಬತ್ತು ಶತಮಾನ.

ಕೆಥೋಲಿಕ್ ಇಗರ್ಜಿಗಳಲ್ಲಿ ಈ ಭಾಷಣವನ್ನು ಈಸ್ಟರ್ ಕಾಲದ 4ನೆಯ ವಾರದಲ್ಲಿ ಎರಡು ತುಂಡು ಮಾಡಿ ಓದುತ್ತಾರೆ. ಗುರುವಾರದ ಪಾಠದಲ್ಲಿ ಐಗುಪ್ತದಿಂದ ದಾವೀದನವರೆಗಿನ ಚರಿತ್ರೆ ಬಂದು, ಸ್ನಾನಿಕನಾದ ಯೋಹಾನನ ಮಾತಿಗೆ ನಿಲ್ಲುತ್ತದೆ. ಪುನರುತ್ಥಾನ ಶುಕ್ರವಾರಕ್ಕೆ. 16ನೆಯ ಕೀರ್ತನೆಯ ವಾದ ಎರಡು ದಿನದ ಪಾಠದಲ್ಲೂ ಇಲ್ಲ.