ರನ್‌ವೇಗೆ ಮುಂಚಿನ ಎರಡು ಸಾವಿರದ ಮುನ್ನೂರು ಅಡಿ

ವಿಮಾನ ಅಪಘಾತಗಳ ಇತಿಹಾಸವನ್ನು ಬರೆಯಹೊರಟವರಿಗೆ ಅವಶೇಷಗಳಿಗಿಂತ ಕಾಗದಪತ್ರಗಳೇ ದೊಡ್ಡ ಆಕರ. ಮುರಿದ ರೆಕ್ಕೆ, ಸುಟ್ಟ ಎಂಜಿನ್‌ಗಳು ಒಂದಲ್ಲ ಒಂದು ದಿನ ಗುಜರಿ ಸೇರುತ್ತವೆ. ತನಿಖಾ ವರದಿಯೊಂದು ಉಳಿದುಬಂದರೆ, ಅಪಘಾತ ಹೇಗಾಯಿತು ಎಂಬುದರ ಜೊತೆಗೆ ಆ ಕಾಲದ ಆಡಳಿತ ಯಾವುದನ್ನು ಕಾರಣವೆಂದು ಒಪ್ಪಿಕೊಳ್ಳಲು ತಯಾರಿತ್ತು ಎಂಬುದನ್ನೂ ಅದು ತಿಳಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಎರಡನೇ ಮಹಾಯುದ್ಧದ ನಂತರದ ಸೋವಿಯತ್ ಒಕ್ಕೂಟದ ಅಪಘಾತಗಳಿಗೂ 1990ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಏರ್‌ಬಸ್ ದುರಂತಕ್ಕೂ ನಡುವೆ, ಕಾಲ ಮತ್ತು ದೇಶ ಬೇರೆಯಾದರೂ, ಹೋಲಿಸಿ ನೋಡಬೇಕಾದ ಅಂಶಗಳು ಸಾಕಷ್ಟಿವೆ.

ಎರಡೂ ಕಡೆಯ ಕಥೆ ಶುರುವಾಗುವುದು ಹೆಚ್ಚುಕಡಿಮೆ ಒಂದೇ ವಿಮಾನದಿಂದ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧ ಮುಗಿದ ಮೇಲೆ, ಮಿತ್ರಪಡೆಗಳು ಬಿಟ್ಟುಹೋದ ಡಕೋಟಾ ವಿಮಾನಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಆಸನಗಳನ್ನು ಜೋಡಿಸಿ ನಾಗರಿಕ ಕಂಪನಿಗಳಿಗೆ ಒದಗಿಸುತ್ತಿತ್ತು. ಅದೇ ಡಕೋಟಾವನ್ನು ಸೋವಿಯತ್ ಕಾರ್ಖಾನೆಗಳು ಯುದ್ಧಕ್ಕೆ ಮೊದಲೇ ಅಮೆರಿಕದಿಂದ ಪರವಾನಗಿ ಪಡೆದು ತಯಾರಿಸಲು ತೊಡಗಿದ್ದವು, ಮುಂದೆ ಅದಕ್ಕೆ 'ಲಿ-2' ಎಂಬ ಹೆಸರು ಬಂತು. ಯುದ್ಧಾನಂತರದ ಮೊದಲ ವರ್ಷಗಳಲ್ಲಿ ಅಲ್ಲಿನ ನಾಗರಿಕ ಸಂಚಾರದ ಬಹುಪಾಲು ಹೊರೆಯನ್ನು ಹೊತ್ತದ್ದು ಆ ವಿಮಾನಗಳೇ. ಹಿಮ, ಮಂಜು, ರೆಕ್ಕೆಗಳ ಮೇಲೆ ಕಟ್ಟುವ ಮಂಜುಗಡ್ಡೆ, ನೆಲದಿಂದ ದಾರಿ ತೋರಿಸುವ ರೇಡಿಯೋ ಸಾಧನಗಳ ಕೊರತೆ, ಇವಿಷ್ಟಿದ್ದರೂ ಹೊರಟ ವಿಮಾನ ಮುಟ್ಟಲೇಬೇಕೆಂಬ ಮೇಲಿನವರ ಒತ್ತಾಯ, ಇವೆಲ್ಲ ಸೇರಿದ ಒಂದು ದುರಂತ 1950ರ ಜನವರಿ 5ರಂದು ಯೂರಲ್ ಪ್ರಾಂತದ ಸ್ವೆರ್ದ್‌ಲೋವ್‌ಸ್ಕ್ ನಗರದ ಬಳಿ ನಡೆಯಿತು. ಸೋವಿಯತ್ ವಾಯುಪಡೆಯ ಹಾಕಿ ತಂಡವನ್ನು ಹೊತ್ತ ಲಿ-2 ವಿಮಾನವು, ಹೋಗಬೇಕಾಗಿದ್ದ ಚೆಲ್ಯಾಬಿನ್‌ಸ್ಕ್‌ನಲ್ಲಿ ಹವೆ ಕೆಟ್ಟಿದ್ದರಿಂದ ಇತ್ತ ತಿರುಗಿ, ಹಿಮಗಾಳಿಯ ನಡುವೆ ಮತ್ತೆ ಮತ್ತೆ ಇಳಿಯಲೆತ್ನಿಸಿ ಬಿದ್ದಿತು. ಒಳಗಿದ್ದ 19 ಮಂದಿಯೂ ಸತ್ತರು. ತಂಡದ ಪೋಷಕನಾಗಿದ್ದವನು ಸ್ಟಾಲಿನ್ನನ ಮಗ ವಾಸಿಲಿ. ಪತ್ರಿಕೆಗಳಲ್ಲಿ ಈ ಸುದ್ದಿ ಬರಲಿಲ್ಲ, ಸತ್ತವರ ಸ್ಥಾನಕ್ಕೆ ಬೇರೆ ಆಟಗಾರರನ್ನು ತುಂಬಿ ತಂಡವನ್ನು ಕಣಕ್ಕಿಳಿಸಲಾಯಿತು.

ಹಾಗೆಂದು ಸೋವಿಯತ್ ಎಂಜಿನಿಯರುಗಳು ಕಾರಣಗಳನ್ನು ಹುಡುಕಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. 1956ರಲ್ಲಿ ಸೇವೆಗೆ ಬಂದ ತುಪೊಲೆವ್-104 ಜೆಟ್ ವಿಮಾನವು, ಬ್ರಿಟಿಷರ ಕಾಮೆಟ್ ಜೆಟ್‌ಗಳು ನೆಲ ಹಿಡಿದಿದ್ದರಿಂದ ಮುಂದಿನ ಎರಡು ವರ್ಷ, ಪ್ರಯಾಣಿಕರನ್ನು ಒಯ್ಯುತ್ತಿದ್ದ ಜಗತ್ತಿನ ಏಕೈಕ ಜೆಟ್ ಆಗಿತ್ತು. 1958ರ ಅಕ್ಟೋಬರ್ 17ರಂದು ಬೀಜಿಂಗ್‌ನಿಂದ ಮಾಸ್ಕೋಗೆ ಬರುತ್ತಿದ್ದ ಇಂಥ ಒಂದು ವಿಮಾನವು ಕನಾಶ್ ಪಟ್ಟಣದ ಬಳಿ, ನೆಲದಿಂದ ಮೇಲಕ್ಕೆ ನುಗ್ಗುವ ಬಲವಾದ ಗಾಳಿಯ ಹೊಡೆತಕ್ಕೆ ಸಿಕ್ಕಿ ತಾನು ಹಾರಬಲ್ಲ ಮಿತಿಗಿಂತ ಎತ್ತರಕ್ಕೆ ಏರಿಹೋಯಿತು. ಅಷ್ಟು ಎತ್ತರದ ತೆಳುವಾದ ಗಾಳಿಯಲ್ಲಿ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು, ಮೂತಿ ಕೆಳಗಾಗಿ ಸುರುಳಿ ತಿರುಗುತ್ತ ನೆಲಕ್ಕಪ್ಪಳಿಸಿ 80 ಮಂದಿ ಸತ್ತರು. ಬೀಳುತ್ತಿರುವಾಗಲೇ ಕ್ಯಾಪ್ಟನ್ ಹೆರಾಲ್ಡ್ ಕುಜ್ನೆತ್ಸೋವ್ ವಿಮಾನದ ವರ್ತನೆಯನ್ನು ರೇಡಿಯೋ ಮೂಲಕ ವಿವರಿಸಿದ್ದರಿಂದಲೇ ಕಾರಣ ಗೊತ್ತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸೈಬೀರಿಯಾದ ಪೂರ್ವಭಾಗದಲ್ಲಿ ಬಿದ್ದ ಇನ್ನೊಂದು ತು-104ರ ಕಾರಣವೂ ಆಗ ಬೆಳಕಿಗೆ ಬಂದು, ಹಾರಾಟದ ಎತ್ತರಕ್ಕೆ ಮಿತಿ ಹಾಕಲಾಯಿತು, ಬಾಲದ ಅಡ್ಡರೆಕ್ಕೆಯ ಹೊಂದಾಣಿಕೆಯನ್ನು ಬದಲಿಸಲಾಯಿತು. ಕೆಲಸವೇನೋ ನಡೆಯಿತು, ಜನರಿಗೆ ಹೇಳುವ ಪರಿಪಾಠ ಮಾತ್ರ ಅಲ್ಲಿ ಬೆಳೆಯಲಿಲ್ಲ. 1968ರ ಮಾರ್ಚ್‌ನಲ್ಲಿ ತರಬೇತಿ ಹಾರಾಟದಲ್ಲಿ ಸತ್ತ ಯೂರಿ ಗಗಾರಿನ್ನನ ಅಪಘಾತದ ತೀರ್ಮಾನಗಳೇ ಹೊರಬಂದದ್ದು 2011ರಲ್ಲಿ.

ಭಾರತದಲ್ಲಿ ಬಹಿರಂಗ ತನಿಖೆಗೆ ವಸಾಹತು ಕಾಲದ ಕಾನೂನಿನ ತಳಹದಿ ಇತ್ತು. 1934ರ ವಿಮಾನ ಕಾಯಿದೆ ಮತ್ತು 1937ರ ವಿಮಾನ ನಿಯಮಗಳ ಪ್ರಕಾರ, ದೊಡ್ಡ ಅಪಘಾತವಾದಾಗ ಸರ್ಕಾರವು ನ್ಯಾಯಾಧೀಶರೊಬ್ಬರ ಅಧ್ಯಕ್ಷತೆಯಲ್ಲಿ, ತಾಂತ್ರಿಕ ಸಲಹೆಗಾರರ ನೆರವಿನೊಂದಿಗೆ, ಸಾಕ್ಷಿಗಳನ್ನು ಬಹಿರಂಗವಾಗಿ ವಿಚಾರಿಸುವ ತನಿಖಾ ನ್ಯಾಯಾಲಯವನ್ನು ನೇಮಿಸಬಹುದಾಗಿತ್ತು. 1953ರ ಮೇ 2ರಂದು ಕಲ್ಕತ್ತೆಯಿಂದ ಮೇಲೆದ್ದ ಕೆಲವೇ ನಿಮಿಷಗಳಲ್ಲಿ ಬಿರುಗಾಳಿಗೆ ಸಿಕ್ಕಿ ಚೂರಾದ ಕಾಮೆಟ್ ವಿಮಾನದ ವಿಚಾರಣೆ ಇದೇ ದಾರಿಯಲ್ಲಿ ನಡೆದು, ಗಾಳಿಯ ಹೊಡೆತಕ್ಕೆ ವಿಮಾನದ ಚೌಕಟ್ಟು ಮುರಿಯಿತೆಂಬ ತೀರ್ಮಾನಕ್ಕೆ ಬಂದಿತು. ಮರುವರ್ಷ ಇನ್ನೆರಡು ಕಾಮೆಟ್‌ಗಳು ಮೆಡಿಟರೇನಿಯನ್ ಕಡಲಿಗೆ ಬಿದ್ದ ಮೇಲೆಯೇ ಲೋಹದ ದಣಿವು, ಎಂದರೆ ಒತ್ತಡ ಏರಿಳಿಯುತ್ತಿದ್ದಂತೆ ಲೋಹದಲ್ಲಿ ಕಣ್ಣಿಗೆ ಕಾಣದೆ ಬೆಳೆಯುವ ಬಿರುಕು, ಎಂಬ ಕಾರಣ ಸ್ಥಿರಪಟ್ಟಿತು. ಬಹಿರಂಗ ವಿಚಾರಣೆಯೂ ಮೊದಲ ಸಲಕ್ಕೇ ಪೂರ್ತಿ ಸತ್ಯವನ್ನು ಮುಟ್ಟುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಬೆಂಗಳೂರಿನ ಪ್ರಕರಣ ಹೀಗಿದೆ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ಏರ್‌ಬಸ್ ಎ-320 ವಿಮಾನವು ಮಧ್ಯಾಹ್ನ ಒಂದು ಗಂಟೆ ದಾಟಿದ ಹೊತ್ತಿಗೆ ಎಚ್‌ಎಎಲ್ ನಿಲ್ದಾಣದತ್ತ ಇಳಿಯುತ್ತಿತ್ತು. ಆಕಾಶ ತಿಳಿಯಾಗಿತ್ತು, ರನ್‌ವೇ ಕಣ್ಣಿಗೆ ಕಾಣುತ್ತಿತ್ತು, ವಿಮಾನ ಸೇವೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಎಡಗಡೆಯ ಆಸನದಲ್ಲಿ ಕ್ಯಾಪ್ಟನ್ ಪದವಿಗಾಗಿ ಪರೀಕ್ಷೆಗೊಳಗಾಗುತ್ತಿದ್ದ ಪೈಲಟ್, ಬಲಗಡೆ ಅವರನ್ನು ಪರೀಕ್ಷಿಸುತ್ತಿದ್ದ ಹಿರಿಯ ಕ್ಯಾಪ್ಟನ್. ಇಬ್ಬರೂ ಬಹುಕಾಲ ಹಾರಿದವರೇ, ಆದರೆ ಈ ಮಾದರಿಯ ವಿಮಾನದಲ್ಲಿ ಇಬ್ಬರ ಅನುಭವವೂ ಕಡಿಮೆ. ರನ್‌ವೇಗೆ ಸುಮಾರು 2,300 ಅಡಿ ಮುಂಚೆಯೇ ವಿಮಾನ ಗಾಲ್ಫ್ ಮೈದಾನದ ನೆಲಕ್ಕೆ ತಾಗಿ, ಪುಟಿದು, ಏರಿಯೊಂದಕ್ಕೆ ಬಡಿದು ಹೊತ್ತಿ ಉರಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಸತ್ತು, 54 ಮಂದಿ ಬದುಕುಳಿದರು.

ದಿನ ಬೆಳಗಾದರೆ ನೂರಾರು ವಿಮಾನಗಳು ಮಾಡುವ ಈ ಇಳಿಕೆ ಇಲ್ಲಿ ಕೈಕೊಟ್ಟದ್ದು ಹೇಗೆ ಎಂಬುದನ್ನು ತಿಳಿಯಲು ಎ-320ರ ಕಾಕ್‌ಪಿಟ್ಟಿನೊಳಗೆ ಇಣುಕುವುದು ಅಗತ್ಯ. ಪೈಲಟ್‌ಗಳ ಎದುರಿನ ಗಾಜಿನ ಕೆಳಗೆ, ಇಬ್ಬರ ಕೈಗೂ ಎಟುಕುವಂತೆ ಒಂದು ಉದ್ದನೆಯ ಫಲಕವಿದ್ದು, ಅದರಲ್ಲಿ ವೇಗ, ದಿಕ್ಕು, ಎತ್ತರ ಮತ್ತು ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬ ದರಕ್ಕೆ ಒಂದೊಂದು ತಿರುಗಿಸುವ ಗುಂಡಿಗಳಿವೆ. ಎತ್ತರದ ಗುಂಡಿ ಮತ್ತು ಇಳಿಕೆಯ ದರದ ಗುಂಡಿ ಅಕ್ಕಪಕ್ಕದಲ್ಲಿವೆ. ಇಳಿಕೆಯ ದರವನ್ನು ಹೇಳಿಕೊಟ್ಟರೆ, ಕಂಪ್ಯೂಟರು ಎಂಜಿನ್ನಿನ ಬಲವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಿ ವೇಗವನ್ನು ಕಾಪಾಡುತ್ತದೆ. ಅದರ ಬದಲು ಕೆಳಗಿನ ಎತ್ತರವೊಂದನ್ನು ಕೊಟ್ಟು ಅಲ್ಲಿಗೆ ಮುಕ್ತವಾಗಿ ಇಳಿಯೆಂದು ಹೇಳಿದರೆ, ಎಂಜಿನ್‌ಗಳು ಅತಿ ಕಡಿಮೆ ಬಲಕ್ಕೆ ಹೋಗಿ ಸುಮ್ಮನಿರುತ್ತವೆ. ಆಗ ವೇಗ ಉಳಿಯಬೇಕಾದರೆ ಮೂತಿಯನ್ನು ಕೆಳಗೆ ಬಾಗಿಸಿಯೇ ಉಳಿಸಿಕೊಳ್ಳಬೇಕು. ಮೊದಲನೆಯದು ರನ್‌ವೇ ಹತ್ತಿರ ಬಂದಾಗ ಬೇಕಾದ ಕ್ರಮ, ಎರಡನೆಯದು ಬಹಳ ಮೇಲಿನಿಂದ ಬೇಗ ಇಳಿಯುವಾಗ ಬಳಸುವ ಕ್ರಮ.

ಅಂತಿಮ ಇಳಿಕೆಯಲ್ಲಿ ಪೈಲಟ್ ಕೇಳಿದ್ದು ನಿಮಿಷಕ್ಕೆ 700 ಅಡಿಯ ಇಳಿಕೆಯ ದರ. ತನಿಖೆಯಲ್ಲಿ ಹೆಚ್ಚು ಸಂಭಾವ್ಯವೆಂದು ಕಂಡ ವಿವರಣೆಯ ಪ್ರಕಾರ, ಕೈ ಹೋದದ್ದು ಪಕ್ಕದ ಎತ್ತರದ ಗುಂಡಿಗೆ. ಎತ್ತರವನ್ನು ವಿಮಾನದಲ್ಲಿ ಅಳೆಯುವುದು ಸಮುದ್ರಮಟ್ಟದಿಂದ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಂಥ ಘಟ್ಟದ ಮೇಲಿನ ಊರುಗಳಲ್ಲಿ ನೆಲವೇ ಎರಡು ಸಾವಿರ ಅಡಿಗೂ ಮೇಲಿರುತ್ತದೆ, ಎಚ್‌ಎಎಲ್ ನಿಲ್ದಾಣವಂತೂ ಸುಮಾರು 2,900 ಅಡಿಯಲ್ಲಿದೆ. ಹಾಗಾಗಿ 700 ಎಂಬ ಎತ್ತರ ನೆಲದೊಳಗೆ ಎಲ್ಲೋ ಇರುವ ಗುರಿ. ವಿಮಾನ ಅದನ್ನು ತಲುಪಲು ಎಂಜಿನ್‌ಗಳನ್ನು ತಗ್ಗಿಸಿಕೊಂಡು ಇಳಿಯತೊಡಗಿತು. ಹಿರಿಯ ಕ್ಯಾಪ್ಟನ್ನಿಗೆ ಇದು ಕೊನೆಕೊನೆಗೆ ಗಮನಕ್ಕೆ ಬಂದಿತೆಂಬುದು ಕಾಕ್‌ಪಿಟ್ ಧ್ವನಿಮುದ್ರಣದಿಂದ ಸ್ಪಷ್ಟವಾಗುತ್ತದೆ. ಇಬ್ಬರ ಮುಂದೆಯೂ ಇದ್ದ, ಹಾರುವ ದಾರಿಯನ್ನು ಸೂಚಿಸುವ 'ಫ್ಲೈಟ್ ಡೈರೆಕ್ಟರ್' ಎಂಬ ಸಾಧನಗಳೆರಡನ್ನೂ ಆರಿಸಿದ್ದರೆ ಎಂಜಿನ್‌ಗಳು ತಾವಾಗಿಯೇ ವೇಗ ಕಾಪಾಡುವ ಕ್ರಮಕ್ಕೆ ಮರಳುತ್ತಿದ್ದವು. ಆರಿದ್ದು ಒಂದು ಮಾತ್ರ, ಇನ್ನೊಂದು ಉಳಿದಿತ್ತು. ಒಂದು ಉಳಿದರೂ ಹಳೆಯ ಕ್ರಮ ಮುಂದುವರಿಯುವಂತೆ ವ್ಯವಸ್ಥೆಯ ರಚನೆಯಿತ್ತು.

ಹಳೆಯ ವಿಮಾನಗಳಲ್ಲಿ ಕಂಪ್ಯೂಟರು ಎಂಜಿನ್ ಬಲವನ್ನು ಬದಲಿಸಿದರೆ ಪೈಲಟ್‌ನ ಕೈಕೆಳಗಿನ ಥ್ರಾಟಲ್, ಎಂದರೆ ಬಲವನ್ನು ಹೆಚ್ಚುಕಡಿಮೆ ಮಾಡುವ ಹಿಡಿ, ತಾನೂ ಅಲುಗುತ್ತದೆ. ಎ-320ರಲ್ಲಿ ಅದು ಇದ್ದಲ್ಲೇ ಇರುತ್ತದೆ. ಎಂಜಿನ್ ಸುಮ್ಮನಾದದ್ದನ್ನು ಕೈ ಹೇಳಲಿಲ್ಲ, ಪರದೆಯ ಮೇಲಿನ ಸಣ್ಣ ಅಕ್ಷರಗಳೇ ಹೇಳಬೇಕಾಯಿತು. ಇಳಿಯುವಾಗ ಇರಬೇಕಾದ 132 ನಾಟ್ ವೇಗ ಕುಗ್ಗುತ್ತ ಕುಗ್ಗುತ್ತ 106 ನಾಟ್‌ಗೆ ಬಂದಿತ್ತು. ನೆಲದಿಂದ 400, 300, 200 ಅಡಿ ಎಂದು ಯಂತ್ರವೇ ಕೂಗಿ ಹೇಳಿದರೂ ಹಿಡಿಯನ್ನು ಮುಂದಕ್ಕೆ ತಳ್ಳಿದ್ದು ಕೊನೆಯ ಗಳಿಗೆಯಲ್ಲಿ. ಅತಿ ಕಡಿಮೆ ಬಲದಲ್ಲಿದ್ದ ಜೆಟ್ ಎಂಜಿನ್ ಪೂರ್ಣಬಲಕ್ಕೆ ಏರಲು ಕೆಲವು ಸೆಕೆಂಡುಗಳು ಬೇಕು, ಅಷ್ಟು ಸೆಕೆಂಡುಗಳು ಉಳಿದಿರಲಿಲ್ಲ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖಾ ನ್ಯಾಯಾಲಯವು, ಎತ್ತರದ ಎಚ್ಚರಿಕೆಗಳು ಬಂದ ಮೇಲೂ ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆಯನ್ನು ಅರಿತು ತಕ್ಷಣ ಥ್ರಾಟಲ್ ಮುಂದೊತ್ತದೆ ಹೋದದ್ದೇ ಸಂಭಾವ್ಯ ಕಾರಣವೆಂದು ತೀರ್ಮಾನಿಸಿತು. ವಿಮಾನವು ಆ ತಪ್ಪು ಕ್ರಮಕ್ಕೆ ಹೋದದ್ದೇಕೆ ಎಂಬುದನ್ನು ಮಾತ್ರ ನಿಶ್ಚಿತವಾಗಿ ಸಾಬೀತುಪಡಿಸಲಾಗಲಿಲ್ಲ. ಈ ಹೊತ್ತಿಗೆ ಹೊರಗಿನ ಗದ್ದಲ ಬೇರೆಯೇ ಮಟ್ಟ ಮುಟ್ಟಿತ್ತು. ರಾಜೀವ್ ಗಾಂಧಿ ಸರ್ಕಾರದ ಕಾಲದ ಏರ್‌ಬಸ್ ಖರೀದಿ ಆಗಲೇ ವಿವಾದಕ್ಕೊಳಗಾಗಿದ್ದರಿಂದ, ವಿ.ಪಿ. ಸಿಂಗ್ ಸರ್ಕಾರವು ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ-320ಗಳನ್ನೂ ತಿಂಗಳುಗಟ್ಟಲೆ ನೆಲಕ್ಕೆ ಕಟ್ಟಿಹಾಕಿತು. ವಿಮಾನ ಕೆಟ್ಟದ್ದೆಂದು ಒಂದು ಪಕ್ಷ, ಪೈಲಟ್‌ಗಳು ಕೆಟ್ಟವರೆಂದು ಇನ್ನೊಂದು ಪಕ್ಷ ವಾದಿಸಿದ ಆ ಜಗಳದಲ್ಲಿ, ವರದಿಯ ಅತ್ಯಂತ ಉಪಯುಕ್ತ ಭಾಗ, ಎಂದರೆ ಅಕ್ಕಪಕ್ಕದ ಎರಡು ಗುಂಡಿಗಳು ಮತ್ತು ಅಲುಗದ ಹಿಡಿ, ಬಹುತೇಕ ಗಮನಕ್ಕೆ ಬರದೆ ಉಳಿಯಿತು.

ಅದು ಎಷ್ಟು ಉಪಯುಕ್ತವಾಗಿತ್ತೆಂಬುದಕ್ಕೆ ಎರಡು ವರ್ಷದೊಳಗೆ ಸಾಕ್ಷಿ ದೊರಕಿತು. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್ ಬಳಿಯ ಬೆಟ್ಟಕ್ಕೆ ಇನ್ನೊಂದು ಎ-320 ಬಡಿದು 87 ಮಂದಿ ಸತ್ತರು. ಅಲ್ಲಿ ಹೆಚ್ಚು ಸಂಭಾವ್ಯವೆಂದು ಕಂಡದ್ದು, 3.3 ಡಿಗ್ರಿ ಕೋನದಲ್ಲಿ ಇಳಿಯಬೇಕಾಗಿದ್ದ ವಿಮಾನ, ಅದೇ ಫಲಕದ ಇಳಿಕೆಯ ದರದ ಗುಂಡಿ ಬೇರೆ ಕ್ರಮದಲ್ಲಿದ್ದುದರಿಂದ, ನಿಮಿಷಕ್ಕೆ 3,300 ಅಡಿಯಂತೆ ಇಳಿಯಿತೆಂಬುದು. ಆ ಬಳಿಕ ಎರಡೂ ಅಂಕಿಗಳು ಒಂದೇ ರೀತಿ ಕಾಣದಂತೆ ಫಲಕದ ಪ್ರದರ್ಶನವನ್ನು ಬದಲಿಸಲಾಯಿತು. ಎರಡೂ ಕಡೆ ಮನುಷ್ಯ ತಪ್ಪಿದ್ದು ನಿಜ. ಆದರೆ ಬೇರೆ ಬೇರೆ ದೇಶದ, ಬೇರೆ ಬೇರೆ ತರಬೇತಿ ಪಡೆದ ಮನುಷ್ಯರು ಒಂದೇ ಫಲಕದೆದುರು ಒಂದೇ ಬಗೆಯಲ್ಲಿ ತಪ್ಪಿದಾಗ, ಪೈಲಟ್‌ನ ತಪ್ಪು ಎಂಬ ಉತ್ತರ ಅರ್ಧಕ್ಕೆ ನಿಂತ ಉತ್ತರವಾಗುತ್ತದೆ. 1958ರಲ್ಲಿ ತು-104ರ ಬಾಲದ ರೆಕ್ಕೆಯನ್ನು ಬದಲಿಸಿದ ಸೋವಿಯತ್ ಎಂಜಿನಿಯರುಗಳಿಗೆ ಈ ಸಂಗತಿ ತಿಳಿದಿತ್ತು.

ಕರ್ನಾಟಕದ ಇನ್ನೊಂದು ದೊಡ್ಡ ದುರಂತ, 2010ರ ಮೇ 22ರ ನಸುಕಿನಲ್ಲಿ ಮಂಗಳೂರಿನ ಬಜ್ಪೆಯಲ್ಲಿ ನಡೆದದ್ದು, ಕಾರಣಗಳ ಈ ಚರ್ಚೆಯನ್ನು ಬೇರೊಂದು ಕಡೆಗೆ ಎಳೆಯಿತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ ವಿಮಾನವು, ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಮುಗಿದ ಮೇಲೆ ನೆಲ ಮುಟ್ಟಿ, ಕೊನೆ ದಾಟಿ ಕಮರಿಗೆ ಉರುಳಿತು. 158 ಮಂದಿ ಸತ್ತು 8 ಮಂದಿ ಉಳಿದರು. ಹಾರಾಟದ ಹೆಚ್ಚಿನ ಹೊತ್ತು ಕ್ಯಾಪ್ಟನ್ ನಿದ್ರಿಸುತ್ತಿದ್ದುದನ್ನು ಧ್ವನಿಮುದ್ರಣ ತೋರಿಸಿತು, ಇಳಿಯದೆ ಮತ್ತೆ ಮೇಲೇಳುವಂತೆ ಕೋ-ಪೈಲಟ್ ಹೇಳಿದ್ದೂ ದಾಖಲಾಗಿತ್ತು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ನ್ಯಾಯಾಲಯವು ಕ್ಯಾಪ್ಟನ್ನಿನ ನಿರ್ಧಾರವನ್ನು ದೂಷಿಸಿತಾದರೂ, ರಾತ್ರಿಯ ಕೊನೆಯ ಜಾವದಲ್ಲಿ ದೇಹದ ಚುರುಕು ಕುಗ್ಗುವುದನ್ನೂ, ಎಚ್ಚರವಾದ ಮೇಲೂ ಕೆಲಹೊತ್ತು ಉಳಿಯುವ ನಿದ್ದೆಯ ಮಂಪರನ್ನೂ, ಮಂಗಳೂರಿನ ರಾಡಾರ್ ಆಗ ಕೆಟ್ಟಿದ್ದುದರಿಂದ ವಿಮಾನ ತಡವಾಗಿ ಇಳಿಕೆ ಶುರುಮಾಡಬೇಕಾಗಿ ಬಂದದ್ದನ್ನೂ ವರದಿಯೊಳಗೆ ತಂದಿತು. 1990ರ ವರದಿಗಿಂತ ಇದು ವಿಸ್ತಾರವಾದ ನೋಟ.

ಆದರೂ ಒಂದು ಕೊರತೆ ಬಹುಕಾಲ ಉಳಿದಿತ್ತು. ವಿಮಾನಗಳಿಗೆ ಪರವಾನಗಿ ಕೊಡುವ, ಪೈಲಟ್‌ಗಳನ್ನು ಪರೀಕ್ಷಿಸುವ, ವಿಮಾನಯಾನ ಸಂಸ್ಥೆಗಳ ಮೇಲೆ ಕಣ್ಣಿಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಹೆಚ್ಚಿನ ಅಪಘಾತಗಳ ತನಿಖೆಯನ್ನೂ ನಡೆಸುತ್ತಿದ್ದುದರಿಂದ, ಆ ಕಚೇರಿಯ ಲೋಪವೇ ಕಾರಣಗಳಲ್ಲೊಂದಾಗಿದ್ದರೆ ಅದನ್ನು ಬರೆಯಬೇಕಾದವರು ಅದೇ ಕಚೇರಿಯವರಾಗಿರುತ್ತಿದ್ದರು. ತನಿಖೆಯನ್ನು ಆ ನಿರ್ದೇಶನಾಲಯದಿಂದ ಬೇರ್ಪಡಿಸಿ ವಿಮಾನ ಅಪಘಾತ ತನಿಖಾ ಬ್ಯೂರೋ ಎಂಬ ಪ್ರತ್ಯೇಕ ಸಂಸ್ಥೆಯನ್ನು ಭಾರತ ಸರ್ಕಾರ ರಚಿಸಿದ್ದು 2012ರಲ್ಲಿ, ಬೆಂಗಳೂರಿನ ದುರಂತ ನಡೆದು 22 ವರ್ಷಗಳಾದ ಮೇಲೆ.